ಚುಂಗು ಇಳಿಬಿಟ್ಟ ಅಕ್ಷರ

ಸರಸ್ವತಿಯ ಪಟವನ್ನು ಒಮ್ಮೆ ಸರಿಯಾಗಿ ನೋಡಿ. ಕೈಗಳು ನಾಲ್ಕಿವೆ. ವೀಣೆ ಇದೆ, ಪುಸ್ತಕ ಇದೆ, ಜಪಮಾಲೆ ಇದೆ. ಬಳಪ ಮಾತ್ರ ಇಲ್ಲ. ಇದರಿಂದ ನಾನು ಬಹಳ ಹಿಂದೆಯೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ: ಆ ತಾಯಿ ಯಾವ ಊರಿನಲ್ಲೂ ಒಂದನೇ ತರಗತಿಗೆ ಪಾಠ ಮಾಡಿದವಳಲ್ಲ. ಮಾಡಿದ್ದರೆ ಉಟ್ಟ ಸೀರೆ ಅಷ್ಟು ಬೆಳ್ಳಗೆ ಉಳಿಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಹಂಸದ ಪುಕ್ಕ ಒಂದಾದರೂ ಕಿತ್ತು ಹೋಗಿರುತ್ತಿತ್ತು. ಮುಖದ ಮೇಲಿನ ಆ ಮುಗುಳುನಗೆಯಂತೂ ಜೂನ್ ತಿಂಗಳ ಮೊದಲ ವಾರದಲ್ಲೇ ಮಾಯವಾಗುತ್ತಿತ್ತು. ದೇವರನ್ನು ಆಡಿಕೊಳ್ಳುತ್ತೇನೆಂದು ಸಿಟ್ಟಾಗಬೇಡಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಐದಾರು ವರ್ಷದ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವನಿಗೆ ಅಷ್ಟು ಸಲಿಗೆ ಇರಬೇಕು.

ನನಗೆ ಕೆಲಸ ಸಿಕ್ಕಿದ್ದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹಲವಾಗಲಿಗೆ ಹೋಗುವ ಬಸ್ಸು ಡ್ರೈವರನಿಗೆ ಮನಸ್ಸಾದರೆ ಅಲ್ಲಿ ನಿಲ್ಲುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಆ ಊರಿನವರು ಇವತ್ತಿಗೂ ನನ್ನನ್ನು ಕಂಡರೆ ಕರೆದು ಚಹಾ ಕುಡಿಸುತ್ತಾರೆ, ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ. ಕೆಲಸಕ್ಕೆ ಸೇರಿದ ದಿನ ಹೆಡ್‌ಮಾಸ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಸಣ್ಣೋರದೀರಿ. ಒಂದು ವರ್ಷ ಒಂದನೇತ್ತ ತಗಳ್ರಿ. ಮುಂದಿನ ವರ್ಷ ನೋಡಾಣು’ ಎಂದರು. ಹೊಸ ಸೊಸೆಗೆ ಮುಸುರೆ ಪಾತ್ರೆ ತೋರಿಸಿದ ಹಾಗೆ ಹೊಸ ಮೇಷ್ಟ್ರಿಗೆ ಒಂದನೇ ತರಗತಿ ತೋರಿಸುವುದು ನಮ್ಮ ಇಲಾಖೆಯ ಪದ್ಧತಿ. ಅವರು ಹೇಳಿದ ಆ ಮುಂದಿನ ವರ್ಷ ಬಂದಿದ್ದು, ಅವರು ನಿವೃತ್ತರಾಗಿ, ಅವರ ನಂತರದವರೂ ನಿವೃತ್ತರಾಗಿ, ನಾನೇ ಹೆಡ್‌ಮಾಸ್ಟರಾದ ಮೇಲೆ.

ಒಂದನೇ ತರಗತಿಯ ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ಮಕ್ಕಳಿಗೆ ಕೊಟ್ಟ ಬಳಪದಲ್ಲಿ ಅರ್ಧ ಪಾಟಿಯ ಮೇಲೆ ಸವೆಯುತ್ತದೆ, ಉಳಿದರ್ಧ ಹೊಟ್ಟೆಗೆ ಹೋಗುತ್ತದೆ. ‘ಯಾಕಲೇ ತಿಂತೀ?’ ಎಂದು ಗದರಿಸಿದರೆ, ‘ರುಚಿ ಐತ್ರಿ ಸರ್’ ಎಂದು ಉಳಿದ ಚೂರನ್ನು ನನ್ನ ಮುಂದೆಯೇ ಹಿಡಿಯುವ ಉದಾರಿಗಳಿದ್ದರು. ಪಾಟಿ ಒರೆಸಲು ಒದ್ದೆ ಬಟ್ಟೆ ತರಬೇಕೆಂದು ನಾನು ದಿನಾ ಹೇಳುತ್ತಿದ್ದೆ, ಅವರು ದಿನಾ ಉಗುಳುತ್ತಿದ್ದರು. ನಾನು ತೆಳ್ಳಗೆ ಬರೆದುಕೊಟ್ಟ ಅಕ್ಷರದ ಮೇಲೆ ಅವರು ತಿದ್ದಿ ತಿದ್ದಿ, ಮಧ್ಯಾಹ್ನದ ಹೊತ್ತಿಗೆ ಅದು ಮದುವೆಯೂಟ ಉಂಡವರ ಹಾಗೆ ಉಬ್ಬಿರುತ್ತಿತ್ತು. ನಡುವೆ ಇಲಾಖೆಯವರು ನಮ್ಮನ್ನು ತರಬೇತಿಗೆ ಕರೆಯುತ್ತಿದ್ದರು. ಅಲ್ಲಿ ಮೊಣಕಾಲು ನೋವಿನ ಮೇಷ್ಟ್ರುಗಳೆಲ್ಲ ಸಾಲಾಗಿ ಕಪ್ಪೆಯಂತೆ ಕುಪ್ಪಳಿಸುತ್ತ ಅಕ್ಷರದ ಹಾಡು ಹೇಳಬೇಕಿತ್ತು. ಆಟದ ಮೂಲಕ ಕಲಿಕೆ ಎಂದು ಅದರ ಹೆಸರು. ಆಟವನ್ನೇನೋ ಆಡಿದೆವು, ಕಲಿತದ್ದೇನೆಂದು ನನ್ನ ಮೊಣಕಾಲಿಗೆ ಗೊತ್ತು.

ಹೊಸ ಪುಸ್ತಕದಲ್ಲಿ ಅಕ್ಷರಗಳ ಸಾಲೂ ಬದಲಾಗಿತ್ತು. ನಮ್ಮ ಕಾಲದಲ್ಲಿ ಅ ಆ ಇ ಈ ಎಂದು ಶುರುವಾಗುತ್ತಿತ್ತು. ಈಗ ಬರೆಯಲು ಸುಲಭವಾದವು ಮೊದಲು ಬರಲಿ ಎಂದು ರ ಗ ಸ ದ ಎಂದು ಶುರು ಮಾಡಿದರು. ಇದು ಊರಿನವರಿಗೆ ಹಿಡಿಸಲಿಲ್ಲ. ಕಟ್ಟೆಯ ಮೇಲೆ ಕೂರುತ್ತಿದ್ದ ಅಜ್ಜನೊಬ್ಬ ನನ್ನ ವಿದ್ಯಾರ್ಥಿಯನ್ನು ನಿಲ್ಲಿಸಿ ಅಕ್ಷರ ಹೇಳಲು ಹೇಳಿ, ಅವನು ‘ರ’ ಎಂದು ಬಾಯಿ ತೆಗೆದ ಕೂಡಲೇ, ‘ಅ ಬರದೋನಿಗೂ ಸರ್ಕಾರ ಪಗಾರ ಕೊಡ್ತೈತಿ ನೋಡು’ ಎಂದು ನಾನು ಕೇಳುವ ಹಾಗೆ ಹೇಳಿದ್ದ. ನಾನು ಕೇಳಿಸಿಕೊಳ್ಳದವನಂತೆ ಸೈಕಲ್ಲಿನ ಚೈನು ಸರಿಮಾಡುತ್ತ ನಿಂತೆ.

ಆದರೆ ರ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲವೆಂದು ನನಗೇ ಒಂದು ಜಂಬವಿತ್ತು. ನಮ್ಮ ಊರಿನ ಹಿರಿಯರೆಲ್ಲ ರುಮಾಲು ಸುತ್ತುವವರು. ಅದನ್ನೇ ಹಿಡಿದುಕೊಂಡೆ. ದುಂಡಗೆ ಒಂದು ಸುತ್ತು ಬರೆದರೆ ತಲೆ. ಅದರ ಮೇಲಿನ ತಲೆಕಟ್ಟು ಎಂದರೆ ರುಮಾಲು. ತಲೆಕಟ್ಟಿನ ಬಾಲವೇ ರುಮಾಲಿನ ತುದಿಯ ಚುಂಗು. ‘ತಲಿ ಬರಿ, ರುಮಾಲು ಸುತ್ತು, ಚುಂಗು ಇಳಿಬಿಡು!’ ಎಂದು ನಾನು ಕೂಗಿದರೆ ನಲವತ್ತು ಮಕ್ಕಳು ತಿರುಗಿ ಕೂಗುತ್ತ ಬರೆಯುತ್ತಿದ್ದರು. ಒಂದೇ ವಾರದಲ್ಲಿ ಎಲ್ಲರಿಗೂ ರ ಬರುತ್ತಿತ್ತು. ರ ಬಂದವರಿಗೆ ಗ, ಸ, ದ ಬರುವುದೇನು ಕಷ್ಟ? ತಲೆ ಬೇರೆ, ರುಮಾಲು ಅದೇ.

ಇಲ್ಲಿ ಒಂದು ತಪ್ಪಿದೆ, ನಿಮಗಾಗಲೇ ಹೊಳೆದಿರಬಹುದು. ತಲೆಕಟ್ಟಿನ ಬಾಲ ಇಳಿಯುವುದಿಲ್ಲ, ಬಲಗಡೆಗೆ ಮೇಲೇರುತ್ತದೆ. ಅಚ್ಚಾದ ಯಾವ ಪುಸ್ತಕ ತೆಗೆದು ನೋಡಿದರೂ ಅದು ಮೇಲೇರಿಯೇ ಇರುತ್ತದೆ. ನನ್ನದು ಮಾತ್ರ ಕಿವಿಯ ಮೇಲೆ ಜೋತು ಬೀಳುತ್ತದೆ. ಇದಕ್ಕೆ ಕಾರಣ ಕೊಟ್ಟೂರಿನ ನಮ್ಮ ಮನೆಯಲ್ಲಿದ್ದ ಒಂದು ಪಾಟಿ. ಅದು ಮೊದಲು ನಮ್ಮ ಅಣ್ಣನದು. ಅವನು ಅದರ ಮೇಲೆ ಕೂತು ಇಳಿಜಾರಿನಲ್ಲಿ ಜಾರಿದ್ದರಿಂದ ಬಲಗಡೆಯ ಮೇಲಿನ ಮೂಲೆ ಒಡೆದು ಹೋಗಿ ನನ್ನ ಪಾಲಿಗೆ ಬಂತು. ಒಡೆದ ಪಾಟಿ ಬೇಡವೆಂದು ನಾನು ಅತ್ತಾಗ ಅಪ್ಪ, ‘ಮೂರು ಮೂಲಿ ಅದಾವಲ್ಲಲೇ. ನಾಕನೇ ಮೂಲ್ಯಾಗ ಏನು ನಿಮ್ಮಜ್ಜನ ಚರಿತ್ರಿ ಬರೀತೀ?’ ಎಂದ. ಪಾಟಿಯ ತುಂಬ ಒಂದೇ ಅಕ್ಷರ ದೊಡ್ಡದಾಗಿ ಬರೆದು ತಿದ್ದುವ ವಯಸ್ಸು ಅದು. ಬಳಪ ಮೇಲೇರುತ್ತ ಹೋದರೆ ಒಡಕಿನ ಅಂಚು ಸಿಗುತ್ತಿತ್ತು, ಅಲ್ಲಿಂದ ಮುಂದೆ ಗಾಳಿ. ಹಾಗಾಗಿ ನಾನು ಅಂಚಿಗೆ ಬರುವ ಮುಂಚೆಯೇ ಬಾಲವನ್ನು ಕೆಳಗೆ ತಿರುಗಿಸುವುದನ್ನು ಕಲಿತೆ. ಆಮೇಲೆ ಕಾಗದ ಬಂತು, ಪೆನ್ನು ಬಂತು, ಟೀಚರ್ಸ್ ಟ್ರೈನಿಂಗ್ ಮುಗಿಯಿತು. ಪಾಟಿ ಹೋದರೂ ಒಡಕು ಕೈಯಲ್ಲಿ ಉಳಿಯಿತು. ನನಗೆ ಹೆಣ್ಣು ಕೊಡುವ ಮುಂಚೆ ನಾನು ಬರೆದ ಕಾಗದ ನೋಡಿ ನನ್ನ ಮಾವನವರು, ‘ಹುಡುಗನ ಕುತ್ತಿಗಿ ಸೊಟ್ಟ ಇರಬೇಕು, ಒಮ್ಮಿ ನೋಡಿಕ್ಯಂಡು ಬರ್ರಿ’ ಎಂದು ಜನ ಕಳಿಸಿದ್ದರಂತೆ. ನನ್ನ ಹೆಂಡತಿ ಇದನ್ನು ಬಂದ ನೆಂಟರಿಗೆಲ್ಲ ಹೇಳುತ್ತಾಳೆ.

ಇಷ್ಟೇ ಆಗಿದ್ದರೆ ಇದು ಮನೆಯೊಳಗಿನ ನಗೆಚಾಟಿಕೆಯಾಗಿ ಮುಗಿಯುತ್ತಿತ್ತು. ನಾನು ಕಲಿಸಿದ ಮಕ್ಕಳು ಬೆಳೆದು ಏಳನೇ ತರಗತಿಗೆ ಬಂದರು. ಆಗ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಮೊದಲಾದರೆ ನಮ್ಮ ಅಕ್ಕಪಕ್ಕದ ಮೇಷ್ಟ್ರುಗಳೇ ಉತ್ತರಪತ್ರಿಕೆ ನೋಡುತ್ತಿದ್ದರು. ಚುಂಗು ಜೋತದ್ದನ್ನು ಕಂಡರೆ, ‘ಓ, ಆತನ ಹುಡುಗ್ರು’ ಎಂದು ನಕ್ಕು ಅಂಕ ಹಾಕುತ್ತಿದ್ದರು. ನಮ್ಮ ತಾಲ್ಲೂಕನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಹಚ್ಚಿದ ಮೇಲೆ ಒಂದು ವರ್ಷ ಪತ್ರಿಕೆಗಳು ನಮ್ಮನ್ನು ಅರಿಯದ ಯಾರದೋ ಕೈಗೆ ಹೋದವು. ಏಪ್ರಿಲ್ ಮೊದಲ ವಾರ ಶಾಲೆಗೆ ನೋಟೀಸು ಬಂತು: ನಿಮ್ಮ ಶಾಲೆಯ ಇಪ್ಪತ್ತೊಂದು ಪತ್ರಿಕೆಗಳೂ ಒಬ್ಬರೇ ಬರೆದಂತಿವೆ, ಫಲಿತಾಂಶ ತಡೆಹಿಡಿಯಲಾಗಿದೆ, ಬಂದು ವಿವರಣೆ ಕೊಡಿ.

ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಜೇಬಿಗೆ ಹಾಕಿದರು. ‘ರುಮಾಲು ನಿಮ್ಮದು, ನೀವಽ ಹೋಗ್ರಿ’ ಎಂದರು. ಅವತ್ತೇ ನಾನು ಗಾಬರಿಯಲ್ಲಿ ಒಂದನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಸರಿಯಾದ ರ ಬರೆದೆ. ‘ಇವತ್ತಿಂದ ಚುಂಗು ಇಳಿಬಿಡಂಗಿಲ್ಲ. ಮ್ಯಾಲ ಸಿಗಿಸ್ರಿ’ ಎಂದೆ. ಮಕ್ಕಳು ‘ಯಾಕ್ರಿ ಸರ್?’ ಎಂದರು. ಏನು ಹೇಳಲಿ? ‘ಸಾಹೇಬ್ರು ಹಿಂಗ ಬರೀಬೇಕು ಅಂತಾರ’ ಎಂದೆ. ಸಾಹೇಬರು ಬರುತ್ತಾರೆಂದರೆ ಶಾಲೆಯಲ್ಲಿ ಹೊಸ ಚಾಪೆ ಹಾಸುವುದು, ಬಾಗಿಲಿಗೆ ತೋರಣ ಕಟ್ಟುವುದು, ಅವರು ಹೋದ ಮೇಲೆ ಎಲ್ಲ ಬಿಚ್ಚಿ ಬೀರುವಿನಲ್ಲಿಡುವುದು ಮಕ್ಕಳಿಗೆ ರೂಢಿಯಿತ್ತು. ಅವರು ತಲೆಯಾಡಿಸಿ ಸಿಗಿಸಿದರು. ರಜೆ ಬಿಡುವವರೆಗೆ ಒಂದು ವಾರ ಸಿಗಿಸಿದ್ದೇ ಸಿಗಿಸಿದ್ದು.

ಹರಪನಹಳ್ಳಿಯ ಕಚೇರಿಯಲ್ಲಿದ್ದ ಸಾಹೇಬರು ಮೈಸೂರು ಕಡೆಯವರು, ಹೊಸದಾಗಿ ಬಂದವರು. ಮೇಜಿನ ಮೇಲೆ ಇಪ್ಪತ್ತೊಂದು ಪತ್ರಿಕೆಗಳನ್ನು ಹರಡಿದ್ದರು. ‘ಏನ್ರೀ ಇದು? ಯಾರು ಬರೆದದ್ದು?’ ಎಂದರು.

‘ಮಕ್ಕಳಽ ಬರದಾರ್ರಿ ಸರ್. ಬ್ಯಾರೆ ಊರಿನ ಸೆಂಟರಿನಾಗ ಕುಂತು ಬರದಾರ.’

‘ಆ ಸೆಂಟರಿನ ಮೇಷ್ಟ್ರು ನಿಮಗೆ ಏನಾಗಬೇಕು?’

‘ಷಡ್ಡಕ ಆಗಬೇಕ್ರಿ.’

ಸುಳ್ಳು ಹೇಳಲು ಬಾರದಿರುವುದು ನನ್ನ ಗುಣವಲ್ಲ, ಅಷ್ಟು ಬೇಗ ಹೊಳೆಯುವುದಿಲ್ಲ, ಅಷ್ಟೇ. ಸಾಹೇಬರು ಕಾಗದವೊಂದನ್ನು ಮುಂದೆ ತಳ್ಳಿ ಮಕ್ಕಳು ನಕಲು ಮಾಡಿಲ್ಲವೆಂದು ಬರೆದುಕೊಡಲು ಹೇಳಿದರು. ನಾನು ಬಹಳ ಜತನದಿಂದ, ಒಂದಕ್ಷರ ಅಲುಗದ ಹಾಗೆ ಬರೆದುಕೊಟ್ಟೆ. ಅವರು ಅದನ್ನು ಪತ್ರಿಕೆಗಳ ಸಾಲಿನ ಕೊನೆಗೆ ಇಟ್ಟು ಸ್ವಲ್ಪ ಹೊತ್ತು ನೋಡಿದರು. ‘ಈಗ ಇಪ್ಪತ್ತೆರಡಾಯ್ತು’ ಎಂದರು. ನಾನೇ ಎಲ್ಲವನ್ನೂ ಬರೆದಿದ್ದೇನೆಂದು ಅವರಿಗೆ ಖಾತ್ರಿಯಾಗಿತ್ತು. ಒಡೆದ ಪಾಟಿಯ ಕಥೆ ಹೇಳಿದೆ. ‘ಕೊಟ್ಟೂರಲ್ಲಿ ಪಾಟಿ ಒಡೆದರೆ ಇಲ್ಲಿ ಇಪ್ಪತ್ತೊಂದು ಮಕ್ಕಳ ಕೈ ಸೊಟ್ಟಾಯ್ತೇ? ಹೋಗ್ರೀ, ಮಕ್ಕಳನ್ನೇ ಕರೆದುಕೊಂಡು ಬನ್ನಿ, ನನ್ನ ಮುಂದೆ ಬರೆಯಲಿ’ ಎಂದರು.

ಬೇಸಿಗೆ ರಜೆ. ಮನೆಮನೆ ತಿರುಗಿದರೆ ಯಾವ ಮಕ್ಕಳೂ ಊರಲ್ಲಿಲ್ಲ. ಒಬ್ಬ ಅರಸೀಕೆರೆಯ ಅಜ್ಜಿ ಮನೆಗೆ, ಒಬ್ಬ ಅಕ್ಕನ ಊರಿಗೆ, ಒಬ್ಬ ಕುರಿ ಹಿಂದೆ. ಸಿಕ್ಕವಳು ರೇಣುಕಾ ಒಬ್ಬಳೇ. ಆ ವರ್ಷದ ಜಾಣೆ ಅವಳೇ. ಹರಪನಹಳ್ಳಿಯ ಹಾಸ್ಟೆಲ್ಲಿಗೆ ಸೇರಿ ಹೈಸ್ಕೂಲು ಓದಬೇಕೆಂದು ಕನಸು ಕಟ್ಟಿಕೊಂಡಿದ್ದಳು. ಅವಳ ತಾಯಿ ದ್ಯಾಮವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: ‘ಪಾಸ್ ಅಂತ ಕಾಗದ ಬಂದ್ರ ಕಳಿಸ್ತೀನ್ರಿ ಸರ್. ಬರಲಿಲ್ಲಾಂದ್ರ ನಾ ಏನ್ ಮಾಡ್ಲಿ? ಉಚ್ಚಂಗಿದುರ್ಗದಾಗ ನನ್ನ ತಮ್ಮ ಕೇಳಾಕ್ಹತ್ಯಾನ, ಕೊಟ್ಟುಬಿಡ್ತೀನಿ.’ ರೇಣುಕಾ ಒಲೆಯ ಕಡೆ ನೋಡುತ್ತ ಕೂತಿದ್ದಳು. ಹದಿಮೂರು ವರ್ಷದ ಹುಡುಗಿ. ನನ್ನ ಅಣ್ಣ ಜಾರಿ ಒಡೆದ ಪಾಟಿ ಎಲ್ಲಿಗೆ ಬಂದು ಮುಟ್ಟಿತಲ್ಲ ಅನ್ನಿಸಿತು. ದೊಡ್ಡ ಹುಡುಗಿಯನ್ನು ಒಬ್ಬಳೇ ಕಳಿಸಲಾಗದೆಂದು ದ್ಯಾಮವ್ವ ಅವಳ ತಂಗಿ ಮಂಜಿಯನ್ನೂ ಜೊತೆಗೆ ಕಳಿಸಿದಳು. ಮಂಜಿ ನನ್ನ ಒಂದನೇ ತರಗತಿಯ ವಿದ್ಯಾರ್ಥಿನಿ, ಬಳಪ ತಿನ್ನುವವರ ನಾಯಕಿ.

ಕಚೇರಿಯಲ್ಲಿ ರೇಣುಕಾ ಅರ್ಧ ಪುಟ ಬರೆದಳು. ಸಾಹೇಬರು ಪತ್ರಿಕೆಯ ಜೊತೆ ಹಿಡಿದು ನೋಡಿದರು. ‘ಸರಿ, ಒಪ್ಪಿದೆ’ ಎಂದರು. ನನಗೆ ಉಸಿರು ಬಂತು. ‘ಹಾಗಾದರೆ ಇಪ್ಪತ್ತೊಂದನ್ನೂ ಬರೆದಿರುವುದು ಈ ಹುಡುಗಿಯೇ’ ಎಂದರು. ಬಂದ ಉಸಿರು ಹೋಯಿತು. ರೇಣುಕಾಳ ಕಣ್ಣು ತುಂಬಿಕೊಂಡವು. ತನ್ನದೇ ಅಕ್ಷರವನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತಳು. ಅಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಆಗ ಸಾಹೇಬರ ಕಣ್ಣು ಮೇಜಿನ ಕಾಲು ಹಿಡಿದುಕೊಂಡು ಕೂತಿದ್ದ ಮಂಜಿಯ ಮೇಲೆ ಬಿತ್ತು. ‘ಇದು ಯಾವ ಕ್ಲಾಸು?’ ಎಂದರು. ‘ಒಂದನೇದುರಿ.’ ‘ಇವಳಂತೂ ಪರೀಕ್ಷೆ ಬರೆದಿಲ್ಲ. ನೀವು ಹೇಳುವ ಪಾಟಿ ಕಥೆ ನಿಜವಾದರೆ ಇವಳ ಅಕ್ಷರವೂ ಹಾಗೇ ಇರಬೇಕಲ್ಲ? ಬಾ ಮಗು, ರ ಬರಿ.’

ಆ ವರ್ಷವಿಡೀ ಇಳಿಬಿಟ್ಟಿದ್ದ ಚುಂಗನ್ನು ಕೊನೆಯ ವಾರ ನಾನೇ ಮೇಲೆ ಸಿಗಿಸಿದ್ದೆನಲ್ಲ! ಮಂಜಿ ಸರಿಯಾಗಿ ಬರೆದರೆ ರೇಣುಕಾಳ ಕಥೆ ಮುಗಿಯಿತು. ತಪ್ಪು ಬರೆದರೆ ಬದುಕಿಕೊಂಡಳು. ಉಚ್ಚಂಗಿದುರ್ಗದ ತಾಯಿ ಉಚ್ಚೆಂಗೆಮ್ಮಾ, ಈ ಕೂಸಿನ ಕೈಯಲ್ಲಿ ತಪ್ಪು ಬರೆಸು, ಬೆಟ್ಟ ಹತ್ತಿ ಬಂದು ಕಾಯಿ ಒಡೆಸುತ್ತೇನೆ ಎಂದು ಹರಕೆ ಹೊತ್ತೆ. ಮಕ್ಕಳು ತಪ್ಪು ಬರೆಯಲೆಂದು ದೇವರಿಗೆ ಹರಕೆ ಹೊತ್ತ ಮೇಷ್ಟ್ರು ನಾನೊಬ್ಬನೇ ಇರಬೇಕು.

ಮಂಜಿ ನಾಲಿಗೆ ಹೊರಗೆ ಹಾಕಿ ಪೆನ್ಸಿಲ್ಲು ಹಿಡಿದಳು. ‘ತಲಿ ಬರಿ’ ಎಂದು ಗೊಣಗಿ ತಲೆ ಬರೆದಳು. ‘ರುಮಾಲು ಸುತ್ತು’ ಎಂದು ಸುತ್ತಿದಳು. ಅಲ್ಲಿ ನಿಂತಳು. ಸಾಹೇಬರ ಮುಖ ನೋಡಿದಳು. ನನ್ನ ಮುಖ ನೋಡಿದಳು. ‘ಚುಂಗು ಮ್ಯಾಲ ಸಿಗಿಸು’ ಎಂದು ಅಂದವಾಗಿ ಸಿಗಿಸಿದಳು. ನನ್ನ ವಿದ್ಯಾರ್ಥಿಗಳು ಬರೆದವುಗಳಲ್ಲೇ ಅತ್ಯಂತ ಸುಂದರವಾದ ರ ಅದು. ನನಗೆ ಅವಳ ಕಿವಿ ಹಿಂಡಬೇಕೆನಿಸಿತು. ವರ್ಷವೆಲ್ಲ ಒಂದು ಮಾತೂ ಕೇಳದವಳು ಇವತ್ತು ಕೇಳಿದ್ದಳು.

ಸಾಹೇಬರು ಪತ್ರಿಕೆಗಳನ್ನು ಒಟ್ಟುಗೂಡಿಸಿ ಕಟ್ಟಲು ಶುರು ಮಾಡಿದರು. ಮಂಜಿ ನನ್ನ ಅಂಗಿ ಜಗ್ಗಿ, ತನ್ನ ಮಟ್ಟಿಗೆ ಪಿಸುಮಾತೆಂದುಕೊಂಡು ಕಚೇರಿಗೆಲ್ಲ ಕೇಳುವ ಹಾಗೆ ಕೇಳಿದಳು: ‘ಸರ್, ಸಾಹೇಬ್ರು ಹೋದಮ್ಯಾಲ ನಮ್ಮ ರ ಬರೀಲೇನ್ರಿ?’

ಸಾಹೇಬರ ಕೈ ದಾರದ ಮೇಲೆ ನಿಂತಿತು. ‘ನಿಮ್ಮ ರ ಅಂತ ಬೇರೆ ಇದೆಯಾ?’

‘ಹೂನ್ರಿ. ಇದು ನಿಮ್ಮುದು. ನೀವು ಬಂದಾಗ ಬರಿಯೋದು. ನಮ್ಮುದು ಬ್ಯಾರೆ ಐತಿ.’

‘ಎಲ್ಲಿ, ನಿಮ್ಮದು ಬರಿ ನೋಡೋಣ.’

ಮಂಜಿ ಅನುಮತಿಗಾಗಿ ನನ್ನ ಕಡೆ ನೋಡಿದಳು. ನನ್ನ ಕತ್ತು ತಾನಾಗಿಯೇ ಆಡಿತು. ಅವಳು ಬಗ್ಗಿ ರ ಬರೆದಳು, ಚುಂಗು ಕಿವಿಯವರೆಗೆ ಇಳಿಬಿಟ್ಟಳು. ಅಷ್ಟಕ್ಕೇ ಬಿಡಲಿಲ್ಲ, ಹುರುಪೆದ್ದು ಗ ಸ ದ ಕೂಡ ಬರೆದಳು. ನಾಲ್ಕೂ ಅಕ್ಷರಗಳು ಚುಂಗು ಇಳಿಬಿಟ್ಟು ಕಟ್ಟೆಯ ಮೇಲಿನ ಹಿರಿಯರ ಹಾಗೆ ಸಾಲಾಗಿ ಕೂತವು. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಕಟ್ಟುತ್ತಿದ್ದ ಕಟ್ಟನ್ನು ಬಿಚ್ಚಿ, ‘ಫಲಿತಾಂಶ ಬಿಡ್ತೀವಿ ಹೋಗಿ. ಆದರೆ ಮೇಷ್ಟ್ರೇ, ಮುಂದಿನ ವರ್ಷದಿಂದ ದಯವಿಟ್ಟು ಮೇಲೆ ಸಿಗಿಸಿ’ ಎಂದರು.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. ಮಂಜಿ ತನ್ನದನ್ನು ಮುಗಿಸಿ ಅಕ್ಕನದಕ್ಕೂ ಕೈ ಹಾಕಿದಳು. ಬಸ್ಸು ಹತ್ತಿದ ಮೇಲೆ ರೇಣುಕಾ ಕೇಳಿದಳು: ‘ಸರ್, ನನ್ನ ಅಕ್ಷರ ಚಲೋ ಇಲ್ಲೇನ್ರಿ?’ ‘ನಿನ್ನುದು ಚಲೋ ಐತವ್ವಾ. ನನ್ನುದಽ ಚಲೋ ಇಲ್ಲ’ ಎಂದೆ. ಅವಳು ಅರ್ಥವಾಗದೆ ನಕ್ಕಳು. ಜೂನಿನಲ್ಲಿ ಹಾಸ್ಟೆಲ್ಲಿಗೆ ಹೋದಳು. ನಾನು ಬೆಟ್ಟ ಹತ್ತಿ ಕಾಯಿ ಒಡೆಸಿ ಬಂದೆ. ಕೂಸು ಸರಿಯಾದದ್ದು, ತಪ್ಪಾದದ್ದು ಎರಡನ್ನೂ ಬರೆದಿತ್ತಲ್ಲ, ಅದಕ್ಕೆ ಒಂದರ ಬದಲು ಎರಡು ಕಾಯಿ ಬೇಕೆಂದು ನನ್ನ ಹೆಂಡತಿ ಹಟ ಹಿಡಿದಿದ್ದಳು.

ಅಲ್ಲಿಂದ ಮುಂದೆ ನಾನು ಪಟ್ಟ ಪಾಡು ಕೇಳಬೇಡಿ. ತಲೆ ನರೆಯುವ ವಯಸ್ಸಿನಲ್ಲಿ ಕಾಪಿಪುಸ್ತಕ ತಂದು ದಿನಾ ಬೆಳಿಗ್ಗೆ ಚುಂಗು ಮೇಲೆ ಸಿಗಿಸುವುದನ್ನು ತಿದ್ದಿದೆ. ಶಾಲೆಯಲ್ಲಿ ಬೋರ್ಡಿನ ಮೇಲೆ ಸಿಗಿಸಿದೆ. ಏಳೆಂಟು ವರ್ಷದಲ್ಲಿ ನನ್ನ ರೋಗ ಊರಿನಿಂದ ಹೋಯಿತೆಂದೇ ನಂಬಿದ್ದೆ. ಹೆಡ್‌ಮಾಸ್ಟರೂ ಆದೆ, ಬ್ಯಾಗು ಹಿಡಿದೆ, ಇನ್‌ಶರ್ಟ್ ಮಾಡಲು ಕಲಿತೆ. ಹಾಗಿರುವಾಗ ಒಂದು ಜೂನಿನಲ್ಲಿ ಒಂದನೇ ತರಗತಿಗೆ ಸೇರಿದ ಹೊಸ ಮಕ್ಕಳ ಪಾಟಿ ನೋಡಿದರೆ, ಎಲ್ಲರದೂ ಚುಂಗು ಕಿವಿಯ ಮೇಲೆ! ಯಾರು ಕಲಿಸಿದರೆಂದು ಕೇಳಿದೆ. ‘ಅಂಗನವಾಡಿ ಅಕ್ಕ’ ಎಂದರು. ಆ ಅಂಗನವಾಡಿ ಅಕ್ಕ ಬೇರೆ ಯಾರೂ ಅಲ್ಲ, ಪಿಯುಸಿ ಮುಗಿಸಿ ಅದೇ ಊರಿಗೆ ಕೆಲಸಕ್ಕೆ ಬಂದಿದ್ದ ರೇಣುಕಾ.

ಬುದ್ಧಿ ಹೇಳಿ ಬರೋಣವೆಂದು ಸಂಜೆಯವರೆಗೂ ಕಾಯದೆ ಹೋದೆ. ರೇಣುಕಾ ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟಳು. ‘ಅಲ್ಲವ್ವಾ, ಅಷ್ಟೆಲ್ಲ ಆದಮ್ಯಾಲ ಮತ್ತ ಅದನ್ನಽ ಕಲಿಸಾಕ್ಹತ್ತೀಯಲ್ಲ’ ಎಂದೆ. ‘ಏನ್ ಮಾಡ್ಲಿ ಸರ್? ಈ ಹುಡುಗ್ರ ಅವ್ವಂದಿರೆಲ್ಲ ನಿಮ್ಮ ಕೈಯಾಗ ಕಲ್ತೋರು. ಮನ್ಯಾಗ ಹಿಂಗ ತಿದ್ದಿಸ್ತಾರ. ನಾ ಮ್ಯಾಲ ಸಿಗಿಸಿದ್ರ, ಅಕ್ಕಗ ರ ಬರಲ್ಲ ಅಂತ ಜಗಳಕ್ಕ ಬರ್ತಾರ್ರಿ’ ಎಂದಳು. ಆಮೇಲೆ ನನಗೆ ಸಮಾಧಾನವಾಗಲೆಂದು, ‘ಮ್ಯಾಲ ಸಿಗಿಸೋದೂ ಹೇಳಿಕೊಟ್ಟೀನ್ರಿ. ನೋಡ್ರಿ ಬೇಕಾದ್ರ’ ಎಂದು ಒಂದು ಪುಟ್ಟ ಹುಡುಗಿಯನ್ನು ಪಾಟಿ ಸಮೇತ ನನ್ನ ಮುಂದೆ ನಿಲ್ಲಿಸಿದಳು.

‘ರ ಬರಿಯವ್ವಾ’ ಎಂದೆ. ಹುಡುಗಿ ತಲೆ ಬರೆದಳು, ರುಮಾಲು ಸುತ್ತಿದಳು, ನಿಂತಳು. ನನ್ನ ಬ್ಯಾಗು ನೋಡಿದಳು, ಇನ್‌ಶರ್ಟ್ ನೋಡಿದಳು, ಕನ್ನಡಕ ನೋಡಿದಳು. ರೇಣುಕಾಳ ಕಡೆ ತಿರುಗಿ ಕೇಳಿದಳು: ‘ಅಕ್ಕಾ, ಇವ್ರು ಸಾಹೇಬ್ರೇನು, ನಮ್ಮೋರೇನು?’

ರೇಣುಕಾ ಸೆರಗು ಬಾಯಿಗೆ ಹಿಡಿದು ಗೋಡೆಯ ಕಡೆ ತಿರುಗಿದಳು. ಉತ್ತರ ನಾನೇ ಹೇಳಬೇಕಿತ್ತು. ಹುಡುಗಿಯ ಕೈಯಿಂದ ಬಳಪ ತೆಗೆದುಕೊಂಡೆ. ಏಳೆಂಟು ವರ್ಷ ಕಾಪಿಪುಸ್ತಕ ತಿದ್ದಿದ ಕೈ, ಸರಿಯಾದದ್ದನ್ನೇ ಬರೆದು ತೋರಿಸಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಅವಳು ನಿಲ್ಲಿಸಿದ್ದ ಜಾಗದಿಂದ ಬಳಪ ಊರಿ ಮೇಲೇರಿಸಿದೆ. ಪಾಟಿ ಹೊಸದು, ನಾಲ್ಕೂ ಮೂಲೆ ಗಟ್ಟಿಯಾಗಿದ್ದವು. ಆದರೂ ಮೂಲೆ ಹತ್ತಿರ ಬರುತ್ತಿದ್ದಂತೆ ಕೈ ನನ್ನನ್ನು ಕೇಳದೆ ಕೆಳಗೆ ತಿರುಗಿತು.

ಹುಡುಗಿ ಬಗ್ಗಿ ನೋಡಿದಳು. ‘ನಮ್ಮೋರಽ ಅದಾರಕ್ಕಾ’ ಎಂದು ಹೇಳಿ, ಬಳಪ ಇಸಿದುಕೊಂಡು, ತುದಿ ಕಡಿದು ಬಾಯಿಗೆ ಹಾಕಿಕೊಂಡಳು. ಉಳಿದ ಚೂರನ್ನು ನನ್ನ ಮುಂದೆ ಹಿಡಿದಳು.